ಹುಲ್ಲಲ್ಲದ ಹುಲ್ಲು: ಜೇಕನ್ನು ಗುರುತಿಸುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣಾ ನದಿಯ ಆಶ್ರಯದಲ್ಲಿರುವ ಸೀಮೆ. ಪಶ್ಚಿಮದಿಂದ ವೇದಗಂಗಾ, ದೂಧಗಂಗಾ ನದಿಗಳು ಹರಿದುಬರುತ್ತವೆ. ಯಡೂರು, ಕುಡಚಿ, ಉಗಾರಗಳ ಬಳಿ ಹೊಳೆಯ ದಂಡೆಯ ಕಪ್ಪು ನೆಲದಲ್ಲಿ ಕಣ್ಣು ಹಾಯುವಷ್ಟು ದೂರವೂ ಕಬ್ಬು ನಿಂತಿರುತ್ತದೆ. ನಿಪ್ಪಾಣಿಯ ಸುತ್ತ ತಂಬಾಕು, ಅಥಣಿಯ ಪೂರ್ವಭಾಗದ ಒಣ ಬೇಸಾಯದಲ್ಲಿ ಜೋಳ. ಬೆಳೆ ಯಾವುದೇ ಆಗಲಿ, ಮಳೆ ಬಿದ್ದು ಅಥವಾ ನೀರು ಹಾಯಿಸಿ ಕೆಲವು ದಿನ ಕಳೆಯುವುದರೊಳಗಾಗಿ ಸಾಲುಗಳ ನಡುವೆ ಹಸುರು ಗರಿಗಳು ತಲೆಯೆತ್ತುತ್ತವೆ. ಇವೆಲ್ಲವನ್ನೂ ಜನರು ಸಾಮಾನ್ಯವಾಗಿ 'ಹುಲ್ಲು' ಎಂದೋ 'ಕಸ' ಎಂದೋ ಒಂದೇ ಮಾತಿನಲ್ಲಿ ಕರೆದುಬಿಡುವುದುಂಟು.

ಹೆಸರಿನ ವಿಷಯದಲ್ಲಿ ಇಷ್ಟೇಕೆ ಚರ್ಚೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಹೊಲದಲ್ಲಿ ಒಂದರ ಪಕ್ಕದಲ್ಲಿ ಒಂದು ಬೆಳೆದು ನಿಂತ ಎರಡು ಗಿಡಗಳು ನೋಡಲು ಅಕ್ಕತಂಗಿಯರಂತಿದ್ದರೂ, ಒಂದನ್ನು ಕೊಲ್ಲುವ ಉಪಾಯವೇ ಇನ್ನೊಂದನ್ನು ಹತ್ತು ಪಟ್ಟು ಹೆಚ್ಚಿಸಬಹುದು. ಗುರುತು ತಪ್ಪಿದರೆ ಒಕ್ಕಲಿಗನ ಕೂಲಿಯೂ ಔಷಧದ ಹಣವೂ ಮಣ್ಣುಪಾಲು. ಆದುದರಿಂದ ಹೋಲಿಕೆಯುಳ್ಳ ಸಸ್ಯಗಳನ್ನು ಬೇರ್ಪಡಿಸಿ ತಿಳಿಯುವ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಒಂದು ಹಳೆಯ ಬ್ಲೇಡು, ಒಂದು ಕೈಮಸೂರ, ಮಣ್ಣು ಕೆದಕಲು ಒಂದು ಖುರ್ಪಿ ಇಷ್ಟಿದ್ದರೆ ಸಾಕು.

ಮೂರು ಕುಟುಂಬಗಳು

ಗರಿಯಂತಹ ಉದ್ದವಾದ ಎಲೆಗಳುಳ್ಳ ಸಸ್ಯಗಳಲ್ಲಿ ಮುಖ್ಯವಾದ ಮೂರು ಕುಟುಂಬಗಳಿವೆ. ಮೊದಲನೆಯದು ನಿಜವಾದ ಹುಲ್ಲುಗಳ ಕುಟುಂಬ. ಜೋಳ, ಗೋಧಿ, ಕಬ್ಬು, ನಮ್ಮ ಕಡೆಯವರು ಕರಕಿ ಎನ್ನುವ ಗರಿಕೆ ಇವೆಲ್ಲ ಇದಕ್ಕೆ ಸೇರಿದುವು. ಎರಡನೆಯದು ಜೇಕಿನ ಕುಟುಂಬ. ಮೂರನೆಯದು ಜಂಕಸ್ ಕುಟುಂಬ. ಇದು ಬಹುಮಟ್ಟಿಗೆ ತಂಪು ಹವೆಯ ಸಸ್ಯಗಳದು.

ಈ ಮೂರೂ ಒಂದೇ ಬಗೆಯಾಗಿ ಕಾಣುವುದೇಕೆ? ಇವುಗಳಲ್ಲಿ ಬಹುಪಾಲು ಗಾಳಿಯ ಮೂಲಕ ಪರಾಗಸ್ಪರ್ಶವನ್ನು ಹೊಂದುವ ಸಸ್ಯಗಳು. ದುಂಬಿಯನ್ನು ಕರೆಯಬೇಕಾದ ಹೂವಿಗೆ ಬಣ್ಣ ಬೇಕು, ಪರಿಮಳ ಬೇಕು, ಜೇನು ಬೇಕು. ಗಾಳಿಯನ್ನೇ ನಂಬಿದ ಹೂವಿಗೆ ಇವು ಯಾವುವೂ ಬೇಕಾಗಿಲ್ಲ. ಅದರ ದಳಗಳು ಕುಗ್ಗಿ ಹೊಟ್ಟಿನಂತಾಗುತ್ತವೆ ಅಥವಾ ಮಾಯವೇ ಆಗುತ್ತವೆ. ದಾಸವಾಳವನ್ನೂ ತಾವರೆಯನ್ನೂ ದೂರದಿಂದಲೇ ಬೇರೆಬೇರೆಯೆಂದು ಹೇಳಲು ನೆರವಾಗುವ ಹೂವು ಇಲ್ಲಿ ನಮ್ಮ ಕೈಬಿಡುತ್ತದೆ. ಆದುದರಿಂದ ಒಟ್ಟಾರೆ ನೋಟವನ್ನು ಬಿಟ್ಟು, ದಂಟು, ಎಲೆಯ ಜೋಡಣೆ, ಬೇರು ಮುಂತಾದ ಸ್ಥಿರವಾದ ಲಕ್ಷಣಗಳನ್ನು ಒಂದೊಂದಾಗಿ ಕೇಳಬೇಕಾಗುತ್ತದೆ.

ಬೆರಳಿನ ಪರೀಕ್ಷೆ

ಹೂವಿನ ಗೊಂಚಲನ್ನು ಹೊತ್ತ ದಂಟನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲನೆ ಉರುಳಿಸಿ ನೋಡಿರಿ. ಹುಲ್ಲಿನ ದಂಟು ನಯವಾಗಿ ಉರುಳುತ್ತದೆ. ಜೇಕಿನ ದಂಟಾದರೋ ತಡೆತಡೆದು ಉರುಳುತ್ತದೆ. ಒಂದು ಸುತ್ತಿಗೆ ಮೂರು ಸಲ ಬೆರಳಿಗೆ ಅಂಚು ತಾಗುತ್ತದೆ. ಬ್ಲೇಡಿನಿಂದ ಅಡ್ಡಲಾಗಿ ಕೊಯ್ದರೆ ಕಾರಣ ಕಣ್ಣಿಗೇ ಕಾಣುತ್ತದೆ: ಜೇಕಿನ ದಂಟು ತ್ರಿಕೋನಾಕಾರದ್ದು, ಒಳಗೆ ಬೆಂಡಿನಿಂದ ತುಂಬಿದ್ದು. ಹುಲ್ಲಿನ ದಂಟಿನಲ್ಲಿ ಗೆಣ್ಣುಗಳು ಉಬ್ಬಿರುತ್ತವೆ. ಗೆಣ್ಣು ಗೆಣ್ಣುಗಳ ನಡುವಣ ಭಾಗವು ಅನೇಕ ಹುಲ್ಲುಗಳಲ್ಲಿ ಬಿದಿರಿನಂತೆ ಟೊಳ್ಳಾಗಿರುತ್ತದೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ತ್ರಿಕೋನವು ಒಂದು ಸ್ವಾರಸ್ಯವಾದ ಲೆಕ್ಕವನ್ನು ಒದಗಿಸುತ್ತದೆ. ಒಂದೇ ವಸ್ತುವಿನಿಂದ ಮಾಡಿದ, ಅಡ್ಡಕೊಯ್ತದ ವಿಸ್ತೀರ್ಣವೂ ಒಂದೇ ಆಗಿರುವ ಎರಡು ಗಟ್ಟಿ ಕೋಲುಗಳನ್ನು ಊಹಿಸಿಕೊಳ್ಳೋಣ. ಒಂದು ದುಂಡಗೆ, ಇನ್ನೊಂದು ಸಮಬಾಹು ತ್ರಿಕೋನ. ಲೆಕ್ಕ ಮಾಡಿದರೆ, ಬಾಗುವುದನ್ನು ತಡೆಯುವ ಶಕ್ತಿ ತ್ರಿಕೋನದ ಕೋಲಿನಲ್ಲಿ ಶೇಕಡಾ ೨೧ ರಷ್ಟು ಹೆಚ್ಚು. ತಿರುಚುವುದನ್ನು ತಡೆಯುವ ಶಕ್ತಿ ಶೇಕಡಾ ೨೭ ರಷ್ಟು ಕಡಮೆ. ಸಮಬಾಹು ತ್ರಿಕೋನದ ವಿಷಯದಲ್ಲಿ ಬಾಗುವಿಕೆಯ ಈ ಲೆಕ್ಕ ಎಲ್ಲ ದಿಕ್ಕುಗಳಿಗೂ ಒಂದೇ ಎಂಬುದು ಇನ್ನೊಂದು ವಿಶೇಷ. ಎಂದರೆ ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ತ್ರಿಕೋನದ ದಂಟು ನೆಟ್ಟಗೆ ನಿಲ್ಲಬಲ್ಲದು. ಗಾಳಿ ಬಲವಾದಾಗ ಸುಲಭವಾಗಿ ತಿರುಚಿಕೊಂಡು ತನ್ನ ಗೊಂಚಲನ್ನು ಗಾಳಿಯ ಮರೆಗೆ ತಿರುಗಿಸಬಲ್ಲದು. ಸಜೀವ ದಂಟು ಒಂದೇ ವಸ್ತುವಿನಿಂದಾದ ಕೋಲಲ್ಲವಾದರೂ, ಆಕಾರದ ಪ್ರಯೋಜನವನ್ನು ತಿಳಿಯಲು ಈ ಲೆಕ್ಕ ಸಾಕು.

ಆದರೆ ಒಂದೇ ಲಕ್ಷಣವನ್ನು ನಂಬಿ ತೀರ್ಪು ಕೊಡಬಾರದು. ಕೆರೆಯಂಚಿನಲ್ಲಿ ಬೆಳೆಯುವ ಜೇಕಿನ ಕುಟುಂಬದ ಕೆಲವು ಸಸ್ಯಗಳ ದಂಟು ದುಂಡಗೇ ಇರುವುದು. ಆದುದರಿಂದ ಎರಡನೆಯ ಸಾಕ್ಷಿಯಾಗಿ ಎಲೆಗಳ ಜೋಡಣೆಯನ್ನು ನೋಡಬೇಕು. ಗಿಡವನ್ನು ನೇರವಾಗಿ ಮೇಲಿನಿಂದ ನೋಡಿದಾಗ ಹುಲ್ಲಿನ ಎಲೆಗಳು ಎದುರುಬದಿರಾಗಿ ಎರಡು ಸಾಲುಗಳಲ್ಲಿ, ಎಂದರೆ ೧೮೦ ಅಂಶಗಳ ಅಂತರದಲ್ಲಿ ಇರುತ್ತವೆ. ಜೇಕಿನ ಎಲೆಗಳು ೧೨೦ ಅಂಶಗಳ ಅಂತರದಲ್ಲಿ ಮೂರು ಸಾಲುಗಳಾಗಿ ಹರಡುತ್ತವೆ. ಮೂರನೆಯ ಸಾಕ್ಷಿ, ದಂಟನ್ನು ಅಪ್ಪಿಕೊಂಡಿರುವ ಎಲೆಯ ಬುಡ. ಹುಲ್ಲಿನಲ್ಲಿ ಅದು ಸಾಮಾನ್ಯವಾಗಿ ಒಂದು ಕಡೆ ಸೀಳಿರುತ್ತದೆ, ಅಂಗಿಯ ಗುಂಡಿ ಬಿಚ್ಚಿದಂತೆ. ಜೇಕಿನಲ್ಲಿ ಸೀಳಿಲ್ಲದ ಕೊಳವೆಯಾಗಿರುತ್ತದೆ. ಮೂರು ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ಸಂದೇಹಕ್ಕೆ ಎಡೆಯಿಲ್ಲ.

ಶೀತಪ್ರದೇಶದ ಒಂದು ಪಾಠ

ಮೂರನೆಯ ಕುಟುಂಬವನ್ನು ನಾವು ಕೃಷ್ಣಾ ತೀರದ ಹೊಲಗಳಲ್ಲಿ ಹುಡುಕಬೇಕಾಗಿಲ್ಲ. ಜಂಕಸ್ ಸಸ್ಯಗಳನ್ನು ನೀಲಗಿರಿಯ ಎತ್ತರದ ಜೌಗುಗಳಲ್ಲಿ ಕಾಣಬಹುದು. ಅವುಗಳ ದಾಯಾದಿಯಾದ ಲುಜುಲಾ ಎಂಬ ಕುಲವು ಹಿಮಾಲಯ, ಆಲ್ಪ್ಸ್ ಮುಂತಾದ ಪರ್ವತಗಳಲ್ಲಿಯೂ ಉತ್ತರಧ್ರುವದ ಸಮೀಪದ ನಾಡುಗಳಲ್ಲಿಯೂ ಬೆಳೆಯುತ್ತದೆ. ಎಲೆಯ ಅಂಚಿನಲ್ಲಿ ಉದ್ದವಾದ ಬಿಳಿಯ ಕೂದಲು, ಪ್ರತಿಯೊಂದು ಕಾಯಿಯಲ್ಲಿ ಮೂರೇ ಬೀಜ, ಇವು ಲುಜುಲಾದ ಗುರುತು. ಜಂಕಸ್ಸಿನ ಎಲೆಯಲ್ಲಿ ಕೂದಲಿಲ್ಲ. ಅದರ ಕಾಯಿಯಲ್ಲಿ ಬೀಜಗಳು ಅನೇಕ.

ಕುಲವನ್ನು ಗುರುತಿಸುವುದು ಹೀಗೆ ಸುಲಭವಾದರೂ, ಕುಲದೊಳಗಿನ ಜಾತಿಗಳನ್ನು ಬೇರ್ಪಡಿಸುವುದು ಪಂಡಿತರಿಗೂ ಕಷ್ಟ. ಧ್ರುವಪ್ರದೇಶದ ಒಂದು ಜಾತಿಗೆ ಸಸ್ಯಶಾಸ್ತ್ರಜ್ಞರು 'ಲುಜುಲಾ ಕನ್ಫ್ಯೂಸಾ' ಎಂದೇ ಹೆಸರಿಟ್ಟಿದ್ದಾರೆ. ಗೊಂದಲವೆಂಬುದು ಅದರ ಹೆಸರಿನಲ್ಲಿಯೇ ಸೇರಿಕೊಂಡಿದೆ! ಅದರ ನೆರೆಯಲ್ಲಿಯೇ 'ಲುಜುಲಾ ನಿವಾಲಿಸ್' ಎಂಬ ಇನ್ನೊಂದು ಜಾತಿ ಬೆಳೆಯುತ್ತದೆ. ಎರಡೂ ಗಿಡ್ಡ, ಎರಡರ ಹೂಗೊಂಚಲೂ ಕಂದುಬಣ್ಣದ್ದು. ಇವನ್ನು ಬೇರ್ಪಡಿಸುವವರು ಎಲೆಯನ್ನು ನೋಡುತ್ತಾರೆ: ಮೊದಲನೆಯದರ ಎಲೆ ಕಿರಿದು, ಮಧ್ಯದಲ್ಲಿ ಕಾಲುವೆಯಂತೆ ಮಡಿಚಿದ್ದು, ಎರಡನೆಯದರದು ಅಗಲ, ಚಪ್ಪಟೆ. ಬಳಿಕ ಗೊಂಚಲನ್ನು ನೋಡುತ್ತಾರೆ: ಮೊದಲನೆಯದರಲ್ಲಿ ಹೂಗುಚ್ಛಗಳು ಕೆಲವು ಬೇರೆಬೇರೆ ತೊಟ್ಟುಗಳ ಮೇಲಿರುತ್ತವೆ, ಎರಡನೆಯದರಲ್ಲಿ ಒಟ್ಟುಗೂಡಿ ಒಂದೇ ತಲೆಯಂತಿರುತ್ತವೆ. ಕೊನೆಗೆ ನೆಲೆಯನ್ನು ನೋಡುತ್ತಾರೆ: ಮೊದಲನೆಯದು ಗಾಳಿಗೆ ತೆರೆದ ಒಣ ನೆಲದಲ್ಲಿ ಹೆಚ್ಚು, ಎರಡನೆಯದು ಪಾಚಿ ಬೆಳೆದ ತೇವದ ನೆಲದಲ್ಲಿ ಹೆಚ್ಚು. ಎಲೆ, ಗೊಂಚಲು, ನೆಲೆ ಎಂಬ ಈ ಕ್ರಮವನ್ನೇ ನಮ್ಮ ಹೊಲಕ್ಕೂ ತಂದು, ಅದಕ್ಕೆ ಬೇರನ್ನೊಂದು ಸೇರಿಸಿಕೊಳ್ಳೋಣ.

ನಮ್ಮ ನೆಲದ ಜೇಕುಗಳು

ಜೇಕುಗಳಲ್ಲಿ ಮುಖ್ಯವಾದ ಕುಲ ಸೈಪರಸ್. ಇದರ ಹೂಗೊಂಚಲು ಕೊಡೆಯ ಕಡ್ಡಿಗಳಂತೆ ದಂಟಿನ ತುದಿಯಿಂದ ಹರಡಿಕೊಳ್ಳುತ್ತದೆ. ಅದರ ಬುಡದಲ್ಲಿ ಎಲೆಯಂತಹ ಕೆಲವು ಗರಿಗಳಿರುತ್ತವೆ. ಪರಸ್ಪರ ಹೋಲುವ ಐದು ಜಾತಿಗಳನ್ನು ಇಲ್ಲಿ ತೆಗೆದುಕೊಳ್ಳೋಣ.

೧. ಸೈಪರಸ್ ರೊಟಂಡಸ್. ಜನರು ಜೇಕು, ಕೊನ್ನಾರಿ, ತುಂಗೆ ಎಂದು ಕರೆಯುವುದು ಇದನ್ನೇ. ಗಡಿಭಾಗದ ಮರಾಠಿ ಭಾಷಿಕರು ಲವ್ಹಾಳಾ ಎನ್ನುತ್ತಾರೆ. ಇದರ ಗಡ್ಡೆಯೇ ಗ್ರಂದಿಗೆ ಅಂಗಡಿಯ ಭದ್ರಮುಷ್ಟಿ. ಎಲೆ ಕಡುಹಸುರು, ತುದಿಯಲ್ಲಿ ಥಟ್ಟನೆ ಕಿರಿದಾಗಿ ಮೊನೆಗೊಳ್ಳುತ್ತದೆ. ಹೂಗೊಂಚಲು ಕೆಂಗಂದು ಅಥವಾ ನೇರಳೆ ಬೆರೆತ ಕಂದು. ನೆಲದೊಳಗೆ ಕಪ್ಪುಕಂದು ಬಣ್ಣದ ಒರಟು ಗಡ್ಡೆಗಳು ತಂತಿಯಂತಹ ಕಾಂಡದಿಂದ ಪೋಣಿಸಲ್ಪಟ್ಟು ಸರದಂತಿರುತ್ತವೆ. ಮುರಿದು ಮೂಸಿದರೆ ಸುಗಂಧ.

೨. ಸೈಪರಸ್ ಎಸ್ಕುಲೆಂಟಸ್. ಇದು ಮೊದಲನೆಯದರ ತೀರ ಹತ್ತಿರದ ಹೋಲಿಕೆಯುಳ್ಳದ್ದು. ಆದರೆ ಎಲೆಯ ಬಣ್ಣ ತಿಳಿಹಸುರು, ತುದಿ ನಿಧಾನವಾಗಿ ಸಣ್ಣಗಾಗುತ್ತ ಸೂಜಿಯಂತೆ ನೀಳವಾಗುತ್ತದೆ. ಗೊಂಚಲು ಹೊಂಬಣ್ಣದ್ದು. ಗಡ್ಡೆಗಳು ಸರವಾಗಿರುವುದಿಲ್ಲ, ಒಂದೊಂದು ಎಳೆಯ ಕೊನೆಯಲ್ಲಿ ಒಂದೊಂದೇ ಗಡ್ಡೆ, ನಯವಾಗಿ ಗುಂಡಗೆ ಇರುತ್ತದೆ. ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತದಲ್ಲಿ ಇದರ ಸಾಗುವಳಿಯ ತಳಿಯನ್ನು ಬೆಳೆದು ಗಡ್ಡೆಯಿಂದ ಸಿಹಿ ಪಾನೀಯವನ್ನು ಮಾಡುತ್ತಾರೆ. ಲಿನೇಯಸನು ೧೭೫೩ ರಲ್ಲಿ ಈ ಎರಡು ಜಾತಿಗಳಿಗೂ ಹೆಸರಿಟ್ಟಾಗ ಒಂದಕ್ಕೆ 'ದುಂಡಗಿನದು' ಎಂದೂ ಇನ್ನೊಂದಕ್ಕೆ 'ತಿನ್ನಲು ತಕ್ಕುದು' ಎಂದೂ ಅರ್ಥ ಬರುವ ಪದಗಳನ್ನು ಬಳಸಿದನು. ಹಾಗೆಂದು ಹೊಲದ ಗಡ್ಡೆಯನ್ನು ಬಾಯಿಗಿಟ್ಟು ಪರೀಕ್ಷಿಸಕೂಡದು. ಅಲ್ಲಿ ಔಷಧ ಸಿಂಪಡಿಸಿರಬಹುದು. ಮೂಗು ಸಾಕು, ನಾಲಗೆ ಬೇಡ.

೩. ಸೈಪರಸ್ ಇರಿಯಾ. ಒಂದೇ ಹಂಗಾಮಿನಲ್ಲಿ ಮುಗಿದುಹೋಗುವ ಗಿಡ. ಗೊಂಚಲು ಹಳದಿಯಿಂದ ಕಂದುಹಳದಿ. ಆದುದರಿಂದ ಎರಡನೆಯದೆಂದು ಭ್ರಮೆಯಾಗಬಹುದು. ಕಿತ್ತು ನೋಡಿದರೆ ಗಡ್ಡೆ ಇಲ್ಲವೇ ಇಲ್ಲ. ಹಳದಿಗೆಂಪು ಬಣ್ಣದ ನಾರುಬೇರಿನ ಕುಚ್ಚು ಮಾತ್ರ. ಬತ್ತದ ಗದ್ದೆ ಮತ್ತು ತೇವದ ಹೊಲಗಳು ಇದಕ್ಕೆ ಪ್ರಿಯ.

೪. ಸೈಪರಸ್ ಡಿಫಾರ್ಮಿಸ್. ಇದಕ್ಕೂ ಗಡ್ಡೆಯಿಲ್ಲ. ಹೂವುಗಳು ದಟ್ಟವಾಗಿ ಒತ್ತಿಕೊಂಡು ಪುಟ್ಟ ಚೆಂಡುಗಳಂತೆ ಕಾಣುತ್ತವೆ. ನೀರು ನಿಲ್ಲುವ ಜಾಗ, ಕಾಲುವೆಯ ಅಂಚು ಇದರ ನೆಲೆ.

೫. ಸೈಪರಸ್ ಕಂಪ್ರೆಸಸ್. ಗಡ್ಡೆಯಿಲ್ಲದ ಇನ್ನೊಂದು. ಹೂಗರಿಗಳು ಅಗಲವಾಗಿ, ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿ, ತಿಳಿಹಸುರಾಗಿರುತ್ತವೆ. ದಾರಿಯ ಬದಿ, ಮರಳು ಬೆರೆತ ನೆಲ, ಬಯಲುಗಳಲ್ಲಿ ಸಾಮಾನ್ಯ.

ಐದನ್ನೂ ಒಮ್ಮೆ ಹಿಂತಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎಲೆ ಮತ್ತು ಗೊಂಚಲುಗಳು ನಮಗೆ ಹೆಸರನ್ನು ಸೂಚಿಸುತ್ತವೆ. ಆದರೆ ಒಕ್ಕಲಿಗನಿಗೆ ಬೇಕಾದ ಮುಖ್ಯ ಪ್ರಶ್ನೆಗೆ, ಈ ಗಿಡ ಕಿತ್ತರೆ ಸಾಯುವುದೋ ಮತ್ತೆ ಹುಟ್ಟುವುದೋ ಎಂಬ ಪ್ರಶ್ನೆಗೆ, ಉತ್ತರ ನೆಲದೊಳಗಿದೆ. ಎಲೆಯನ್ನು ಹಿಡಿದು ಎಳೆದರೆ ಗಡ್ಡೆ ಸಾಮಾನ್ಯವಾಗಿ ಮಣ್ಣಿನಲ್ಲಿಯೇ ಉಳಿದು ಗಿಡ ಮಾತ್ರ ಕೈಗೆ ಬರುವುದು. ಗಡ್ಡೆಯೇ ಇಲ್ಲವೆಂದು ಆಗ ಭ್ರಮಿಸಬಾರದು. ಖುರ್ಪಿಯಿಂದ ಸುತ್ತಲೂ ಒಂದು ಗೇಣು ಆಳ ಬಿಡಿಸಿ, ಮಣ್ಣಿನ ಹೆಂಟೆಯೊಡನೆ ಎತ್ತಿ, ನೀರಿನಲ್ಲಿ ತೊಳೆದು ನೋಡಬೇಕು.

ಸರವನ್ನು ಕಡಿದಾಗ

ರೊಟಂಡಸ್ ಜಾತಿಯನ್ನು 'ಜಗತ್ತಿನ ಅತಿ ಕೆಟ್ಟ ಕಳೆ' ಎಂದು ಹೋಮ್ ಮತ್ತು ಅವರ ಸಂಗಡಿಗರು ೧೯೭೭ ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೊದಲನೆಯ ಸ್ಥಾನದಲ್ಲಿರಿಸಿದರು. ೯೨ ದೇಶಗಳಲ್ಲಿ, ೫೨ ಬೆಳೆಗಳಲ್ಲಿ ಇದರ ಹಾವಳಿಯುಂಟೆಂದು ಅವರು ಲೆಕ್ಕ ಹಾಕಿದ್ದರು. ಬೀಜದಿಂದ ಇದು ಹರಡುವುದು ಅಪರೂಪ. ಬೀಜ ಮೊಳೆಯುವುದೇ ಕಡಮೆ. ಇದರ ಬಲವೆಲ್ಲ ಗಡ್ಡೆಯ ಸರದಲ್ಲಿದೆ.

ಸರದ ಗಡ್ಡೆಗಳೆಲ್ಲವೂ ಏಕಕಾಲದಲ್ಲಿ ಚಿಗುರುವುದಿಲ್ಲ. ತುದಿಯ ಗಡ್ಡೆಯು ಮೊದಲು ಚಿಗುರಿ, ತನ್ನ ಹಿಂದಿನವು ಚಿಗುರದಂತೆ ತಡೆಯುತ್ತದೆ. ಗಿಡದ ಕುಡಿಯನ್ನು ಚಿವುಟಿದಾಗ ಪಕ್ಕದ ಮೊಗ್ಗುಗಳು ಒಡೆಯುವುದನ್ನು ವಾಚಕರು ನೋಡಿರಬಹುದು. ಇಲ್ಲಿಯೂ ಅದೇ ನಿಯಮ. ಆರು ಗಡ್ಡೆಗಳ ಸರದಲ್ಲಿ ತುದಿಯದೊಂದು ಮಾತ್ರ ಎಚ್ಚತ್ತು ಉಳಿದ ಐದು ನಿದ್ರಿಸುತ್ತಿವೆ ಎಂದುಕೊಳ್ಳೋಣ. ನೇಗಿಲೋ ರೋಟಾವೇಟರೋ ಬಂದು ಸರವನ್ನು ಆರು ತುಂಡು ಮಾಡಿತೆಂದರೆ ತಡೆಯುವವರಿಲ್ಲ, ಆರೂ ಚಿಗುರಬಹುದು. ಒಂದು ಗಿಡವಿದ್ದ ಕಡೆ ಆರು. ಒಂದು ವರ್ಷದ ಗಿಡವನ್ನು ನಿರ್ನಾಮ ಮಾಡುವ ಉಳುಮೆಯೇ ಜೇಕಿಗೆ ವರವಾಗುವುದು ಹೀಗೆ.

ಇದನ್ನು ವಿದ್ಯಾರ್ಥಿಗಳು ಸ್ವತಃ ಪ್ರಯೋಗಿಸಿ ನೋಡಬಹುದು. ಸಮನಾದ ಗಡ್ಡೆಗಳಿರುವ ಎರಡು ಸರಗಳನ್ನು ಆರಿಸಿರಿ. ಒಂದನ್ನು ಇಡಿಯಾಗಿ ಒಂದು ಕುಂಡದಲ್ಲಿ, ಇನ್ನೊಂದನ್ನು ಬಿಡಿಬಿಡಿಯಾಗಿ ಕತ್ತರಿಸಿ ಇನ್ನೊಂದು ಕುಂಡದಲ್ಲಿ, ಐದು ಸೆಂಟಿಮೀಟರು ಆಳದಲ್ಲಿ ನೆಟ್ಟು, ಸಮನಾಗಿ ನೀರು ಹಾಕಿ, ಬಿಸಿಲಿನಲ್ಲಿಡಿರಿ. ಮೂರು ವಾರ ದಿನವೂ ಚಿಗುರುಗಳನ್ನೆಣಿಸಿ ಆಲೇಖ ಬರೆಯಿರಿ. ಒಂದೊಂದೇ ಸರದಿಂದ ತೀರ್ಮಾನಕ್ಕೆ ಬರದೆ, ತರಗತಿಯ ಹತ್ತು ಮಂದಿ ಹತ್ತು ಜೊತೆ ಕುಂಡಗಳನ್ನಿಟ್ಟು ಸರಾಸರಿ ತೆಗೆಯುವುದು ಉತ್ತಮ. ಪ್ರಯೋಗ ಮುಗಿದ ಮೇಲೆ ಗಡ್ಡೆಗಳನ್ನು ಪೂರ್ಣವಾಗಿ ಒಣಗಿಸಿ ಸುಟ್ಟುಬಿಡಬೇಕು; ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲವನ್ನು ಸೇರುತ್ತವೆ.

ಗುರುತಿನಿಂದ ಕಾರ್ಯಕ್ಕೆ

ಹೊಲದಲ್ಲಿರುವುದು ಗಡ್ಡೆಯಿಲ್ಲದ ಇರಿಯಾ, ಡಿಫಾರ್ಮಿಸ್ ಅಥವಾ ಕಂಪ್ರೆಸಸ್ ಎಂದು ಖಚಿತವಾದರೆ ಕೆಲಸ ಸುಲಭ. ಹೂ ಬಲಿತು ಬೀಜ ಉದುರುವ ಮುನ್ನ ಎಡೆ ಹೊಡೆದರೆ ಅಥವಾ ಕಿತ್ತರೆ ಮುಗಿಯಿತು. ಇರಿಯಾದ ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲದು. ಆದುದರಿಂದ ಇಲ್ಲಿ ತಡಮಾಡುವುದೇ ದೋಷ.

ಗಡ್ಡೆಯ ಸರವಿರುವ ಜೇಕಾದರೆ ಒಮ್ಮೆ ಎಡೆ ಹೊಡೆದು ಸುಮ್ಮನಾಗುವುದು ವ್ಯರ್ಥ. ಗಡ್ಡೆಯೆಂಬುದು ಒಂದು ಉಗ್ರಾಣ. ಚಿಗುರು ಮೇಲೆ ಬರಲು ಉಗ್ರಾಣದ ಆಹಾರ ವೆಚ್ಚವಾಗುತ್ತದೆ. ಎಲೆ ಬಲಿತ ಮೇಲೆ ಉಗ್ರಾಣ ಮತ್ತೆ ತುಂಬುತ್ತದೆ, ಕೆಲವೇ ವಾರಗಳಲ್ಲಿ ಹೊಸ ಗಡ್ಡೆಗಳೂ ಹುಟ್ಟುತ್ತವೆ. ಎರಡು-ಮೂರು ವಾರಕ್ಕೊಮ್ಮೆ ಬಿಡದೆ ಚಿಗುರನ್ನು ಕಡಿಯುತ್ತ ಬಂದರೆ ವೆಚ್ಚ ನಡೆಯುತ್ತದೆ, ಜಮೆ ನಿಲ್ಲುತ್ತದೆ. ಸರವನ್ನು ತುಂಡುಮಾಡುವುದು ತಪ್ಪಲ್ಲ. ತುಂಡುಮಾಡಿ ಮರೆತುಬಿಡುವುದು ತಪ್ಪು. ನಿದ್ರಿಸುವ ಗಡ್ಡೆಗಳನ್ನು ಎಬ್ಬಿಸಿ ಬೆನ್ನಟ್ಟಿದರೆ ಅವು ಬೇಗ ಬರಿದಾಗುತ್ತವೆ.

ಪ್ರಕೃತಿಯ ಎರಡು ಶಕ್ತಿಗಳು ಈ ಕಾರ್ಯದಲ್ಲಿ ನಮಗೆ ನೆರವಾಗುತ್ತವೆ. ಒಂದು ಬೇಸಗೆಯ ಬಿಸಿಲು. ಬಹುಪಾಲು ಗಡ್ಡೆಗಳು ಮೇಲಣ ೧೫ ರಿಂದ ೨೦ ಸೆಂಟಿಮೀಟರುಗಳೊಳಗೆ ಇರುವುದರಿಂದ, ಏಪ್ರಿಲ್-ಮೇ ತಿಂಗಳುಗಳಲ್ಲಿ ಒಣ ನೆಲವನ್ನು ಉತ್ತು ಗಡ್ಡೆಗಳನ್ನು ಮೇಲೆ ತಂದರೆ ಅವು ಒಣಗಿ ಸಾಯುತ್ತವೆ. ಆಗ ನೀರು ತಾಗಬಾರದು. ಇನ್ನೊಂದು ನೆರಳು. ಜೇಕು ಉಷ್ಣವನ್ನೂ ತೀಕ್ಷ್ಣವಾದ ಬೆಳಕನ್ನೂ ಚೆನ್ನಾಗಿ ಬಳಸಿಕೊಳ್ಳುವ ಸಸ್ಯ. ಲುಜುಲಾದಂತೆ ಚಳಿಯನ್ನು ತಡೆಯದು, ನೆರಳನ್ನೂ ಸಹಿಸದು. ಕಬ್ಬಿನ ಎಲೆಗಳು ಕೂಡಿಕೊಂಡು ಸಾಲುಗಳು ಮುಚ್ಚುವ ತನಕ, ಎಂದರೆ ಮೊದಲ ಮೂರು-ನಾಲ್ಕು ತಿಂಗಳು ಕಾಯ್ದುಕೊಂಡರೆ ಮುಂದಿನ ಕಾವಲು ಬಹುಮಟ್ಟಿಗೆ ಬೆಳೆಯದೇ.

ಔಷಧದ ವಿಷಯದಲ್ಲಂತೂ ಕುಟುಂಬದ ಗುರುತೇ ಸರ್ವಸ್ವ. ಹುಲ್ಲಿನ ಕುಟುಂಬವನ್ನಷ್ಟೇ ಕೊಲ್ಲುವ ಕ್ವಿಜಲೋಫಾಪ್‌ನಂತಹ ಔಷಧವು ಜೇಕನ್ನು ಕೊಲ್ಲದು; ಕಬ್ಬೂ ಹುಲ್ಲೇ ಆದುದರಿಂದ ಅಲ್ಲಿ ಅದು ಬೆಳೆಗೇ ಮುಳುವಾಗುವುದು. ಜೇಕಿನ ಮೇಲೆ ಕೆಲಸ ಮಾಡುವ ಹ್ಯಾಲೋಸಲ್ಫ್ಯೂರಾನ್ ಎಂಬುದು ಬೇರೆ ವರ್ಗಕ್ಕೆ ಸೇರಿದುದು. ಪ್ರಮಾಣವನ್ನೂ ಸಮಯವನ್ನೂ ಕೃಷಿ ಇಲಾಖೆಯವರಿಂದ ತಿಳಿದುಕೊಂಡೇ ಬಳಸಬೇಕು. ಅವರನ್ನು ಕೇಳಲು ಹೋಗುವಾಗ 'ಹೊಲದಲ್ಲಿ ಹುಲ್ಲು ಬಂದಿದೆ' ಎನ್ನುವುದಕ್ಕಿಂತ ಬೇರುಸಹಿತವಾದ ಒಂದು ಗಿಡವನ್ನು ಒಯ್ಯುವುದು ಮೇಲು.

ನದೀತೀರದವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ೨೦೦೫, ೨೦೧೯ ಮತ್ತು ೨೦೨೧ ರಲ್ಲಿ ಕೃಷ್ಣೆಯ ಮಹಾಪೂರವು ಈ ಸೀಮೆಯ ಹೊಲಗಳನ್ನು ಮುಳುಗಿಸಿತು. ನೀರಿನಡಿಯಲ್ಲಿ ಇತರ ಗಿಡಗಳು ಕೊಳೆತರೂ ಜೇಕಿನ ಗಡ್ಡೆ ಬದುಕಿ ಉಳಿಯಬಲ್ಲದು. ಕೊಚ್ಚಿ ಬಂದ ಮಣ್ಣಿನೊಡನೆ ಹೊಸ ಗಡ್ಡೆಗಳೂ ಬಂದು ಸೇರಬಹುದು. ಪೂರ ಇಳಿದ ಹೊಲದಲ್ಲಿ ಮೊದಲು ತಲೆಯೆತ್ತಿದ ಗರಿಗಳನ್ನು ಕೂಡಲೇ ಪರೀಕ್ಷಿಸುವುದು ಒಳ್ಳೆಯದು. ಒಂದು ಹೊಲದಲ್ಲಿ ಉತ್ತ ಟ್ರಾಕ್ಟರಿನ ಕುಳಗಳಿಗೆ ಅಂಟಿದ ಮಣ್ಣನ್ನು ತೊಳೆಯದೆ ಇನ್ನೊಂದು ಹೊಲಕ್ಕೆ ಇಳಿಸಿದರೆ, ಮಹಾಪೂರ ಮಾಡುವ ಕೆಲಸವನ್ನು ನಾವೇ ಮಾಡಿದಂತಾಗುವುದು.

ಪರೀಕ್ಷೆಯ ಕ್ರಮವನ್ನು ಇಲ್ಲಿಗೆ ಸಂಗ್ರಹಿಸಬಹುದು. ಮೊದಲು ದಂಟನ್ನು ಉರುಳಿಸಿ ನೋಡಿ. ಅಂಚುಗಳು ತಾಗಿದರೆ ಎಲೆಗಳ ಸಾಲು ಮೂರೇ ಎಂದು ಎಣಿಸಿ. ಬಳಿಕ ಎಲೆಯ ತುದಿಯನ್ನೂ ಗೊಂಚಲಿನ ಬಣ್ಣ, ಆಕಾರಗಳನ್ನೂ ಗಮನಿಸಿ. ಕೊನೆಗೆ ಅಗೆದು ನೋಡಿ. ಮುಂದಿನ ರಜೆಯಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಹೊಲದಿಂದ ಹತ್ತು ಗರಿಯ ಗಿಡಗಳನ್ನು ಬೇರುಸಹಿತ ತಂದು ಈ ಕ್ರಮದಂತೆ ವಿಂಗಡಿಸಲಿ. ಒಣಗಿಸಿದ ಮಾದರಿಗಳನ್ನು ಕಾಗದಕ್ಕೆ ಅಂಟಿಸಿ, ಊರು, ದಿನಾಂಕ, ನೆಲದ ಬಗೆ, ಬೆಳೆ ಇವನ್ನು ಬರೆದಿಡಲಿ. ಅಂಥ ಹತ್ತು ಕಾಗದಗಳು ಮನೆಯಲ್ಲಿದ್ದರೆ, ಮುಂಗಾರಿನ ಮೊದಲ ಮಳೆ ಬಿದ್ದಾಗ ಯಾವ ಹೊಲದಲ್ಲಿ ಒಮ್ಮೆ ಎಡೆ ಹೊಡೆದರೆ ಸಾಕು, ಯಾವ ಹೊಲದ ಹಿಂದೆ ಮೂರು ತಿಂಗಳು ಬಿಡದೆ ನಿಲ್ಲಬೇಕು ಎಂಬುದನ್ನು ಹಿರಿಯರಿಗೆ ತೋರಿಸಿ ಹೇಳಬಹುದು.